ದೃಷ್ಟಿ ದೇವರಲ್ಲಿ, ಕೈ ಕೆಲಸದಲ್ಲಿ

ವಿದ್ಯಾರ್ಥಿ ಮಿತ್ರರೇ, ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದು ಕಾಗದ ಸುಡುವ ಆಟ ನಿಮಗೆಲ್ಲ ಗೊತ್ತು. ನಮ್ಮ ಗಂಗಾವತಿಯ ಏಪ್ರಿಲ್ ಬಿಸಿಲಿನಲ್ಲಿ ಅದಕ್ಕೆ ಹೆಚ್ಚು ಹೊತ್ತೇನೂ ಬೇಕಿಲ್ಲ. ಅದೇ ಕಾಗದವನ್ನು ಅದೇ ಬಿಸಿಲಿನಲ್ಲಿ ಸುಮ್ಮನೆ ಇಟ್ಟರೆ ಸಂಜೆಯಾದರೂ ಹೊತ್ತುವುದಿಲ್ಲ. ಈ ವ್ಯತ್ಯಾಸ ಏಕೆ? ಪೀನ ಮಸೂರ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಸುಮಾರು 15 ಕೋಟಿ ಕಿಲೋಮೀಟರ್ ದೂರದ ಸೂರ್ಯನಿಂದ ಬಂದ ಕಿರಣಗಳನ್ನು ಒಂದು ಬಿಂದುವಿಗೆ ಕೂಡಿಸುತ್ತದೆ, ಅಷ್ಟೇ. ಅದಕ್ಕೆ ಮಸೂರದ ಮುಖ ಸೂರ್ಯನ ಕಡೆಗಿರಬೇಕು, ಹಿಡಿದ ಕೈ ಅಲುಗಬಾರದು. (ಮಸೂರದ ಮೂಲಕ ಸೂರ್ಯನನ್ನು ನೋಡುವ ಸಾಹಸ ಮಾತ್ರ ಬೇಡ. ಕಣ್ಣಿಗೇ ಅಪಾಯ!)

ಹೀಗೆ ದೂರದ ಬೆಳಕಿಗೆ ಮುಖ ಮಾಡಿ, ಕೈ ಅಲುಗದೆ ದುಡಿದ ಇಬ್ಬರು ಕ್ರೈಸ್ತ ಪಾದ್ರಿಗಳನ್ನು ಕನ್ನಡಿಗರು ಮರೆಯುವಂತಿಲ್ಲ.

ಮೊದಲನೆಯವರು ಫರ್ಡಿನಾಂಡ್ ಕಿಟ್ಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನಿಂದ 1853ರಲ್ಲಿ ನಮ್ಮ ನಾಡಿಗೆ ಬಂದರು. ಬಂದದ್ದು ಕ್ರಿಸ್ತನ ಸಂದೇಶವನ್ನು ಸಾರಲು. ಅದಕ್ಕಾಗಿ ಕಲಿಯಹೊರಟ ಭಾಷೆಯೇ ಅವರ ಬಾಳಿನ ಕೆಲಸವಾಯಿತು. ನಡುವೆ ಆರೋಗ್ಯ ಕೆಟ್ಟು ತಾಯ್ನಾಡಿಗೆ ಮರಳಿದರು. ನಿಘಂಟಿನ ಕೆಲಸಕ್ಕಾಗಿ ಮತ್ತೆ ಬಂದರು. ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಆಗ ಅವರ ವಯಸ್ಸು 62. ಇಲ್ಲಿ ಕಾಲಿಟ್ಟು 41 ವರ್ಷ ಕಳೆದಿತ್ತು!

ಎರಡನೆಯವರು ನಮ್ಮವರೇ, ಉತ್ತಂಗಿ ಚನ್ನಪ್ಪನವರು. ಉತ್ತಂಗಿ ಎಂಬುದು ಹೊಳೆಯಾಚೆಯ ಹೂವಿನಹಡಗಲಿ ತಾಲೂಕಿನ ಊರು. ಚನ್ನಪ್ಪನವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಜನರ ಬಾಯಲ್ಲಿ, ಹಳೆಯ ಹಸ್ತಪ್ರತಿಗಳಲ್ಲಿ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ವರ್ಷಗಟ್ಟಲೆ ಹುಡುಕಿ, ಕೂಡಿಸಿ, 1924ರಲ್ಲಿ ಪ್ರಕಟಿಸಿದರು. ಶರಣರ ವಚನಗಳನ್ನೂ ಅಷ್ಟೇ ಪ್ರೀತಿಯಿಂದ ಓದಿ ಬರೆದರು. ತಮ್ಮ ಕ್ರಿಸ್ತನನ್ನು ಬಿಡಲಿಲ್ಲ, ಪರರ ಬೆಳಕಿಗೆ ಕಣ್ಣು ಮುಚ್ಚಲೂ ಇಲ್ಲ. ತಮ್ಮನ್ನು 'ತಿರುಳ್ಗನ್ನಡದ ತಿರುಕ' ಎಂದೇ ಕರೆದುಕೊಂಡರು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಭಾಗ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ಮರುವರ್ಷವೇ ಕಲಬುರ್ಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಈ ಪಾದ್ರಿಯೇ ಅಧ್ಯಕ್ಷರು.

ಇವರಿಬ್ಬರ ಬಾಳಿನಿಂದ ನಾವು ಕಲಿಯುವುದೇನು? ಭರವಸೆ ಎಂದರೆ ಫಲಿತಾಂಶದ ಅಂದಾಜಲ್ಲ. ಕಣ್ಣಿಗೆ ಕಾಣುತ್ತಿರುವುದಕ್ಕಾಗಿ ಕಾಯುವುದು ಭರವಸೆಯಾಗದು ಎಂಬುದು ಕ್ರೈಸ್ತರಿಗೆ ಸಂತ ಪೌಲನ ಬೋಧೆ. ನಿಘಂಟಿನ ಮೊದಲ ಅಕ್ಷರ ಬರೆಯುವಾಗ ಕೊನೆಯ ಪುಟ ಯಾರಿಗೂ ಕಾಣುವುದಿಲ್ಲ. ಫಲ ದೇವರಿಗೆ ಬಿಟ್ಟದ್ದು, ಇಂದಿನ ಪುಟ ಮಾತ್ರ ತನ್ನದು ಎಂದುಕೊಂಡವನೇ ನಾಳೆಯೂ ಲೇಖನಿ ಹಿಡಿದಾನು. ದೇವರ ಮೇಲೆ ಭಾರ ಹಾಕಿ ಕೈ ಕಟ್ಟಿ ಕುಳಿತವನಿಗೆ ಇದು ಸಾಧ್ಯವಿಲ್ಲ. ತನ್ನಿಂದಲೇ ಎಲ್ಲ ಎನ್ನುವವನಿಗೂ ಕಷ್ಟ, ಮೊದಲ ಸೋಲಿಗೇ ಅವನ ಕೈ ನಡುಗುತ್ತದೆ.

ಪಾಲಕರೇ, ಈ ಮಾತು ನಿಮಗೂ ಸಲ್ಲುತ್ತದೆ. ಪರೀಕ್ಷೆಯ ಮುನ್ನಾದಿನ ಗುಡಿ, ದರ್ಗಾ, ಚರ್ಚುಗಳಲ್ಲಿ ಹರಕೆ ಹೊರುತ್ತೇವೆ. ಸಂತೋಷ. ಆದರೆ ದೇವರನ್ನು ಅಂಕ ಕೊಡಿಸುವ ಮಧ್ಯವರ್ತಿಯನ್ನಾಗಿ ಮಾಡಿದರೆ, ಅಂಕ ಕಡಿಮೆಯಾದ ದಿನ ಮಗುವಿಗೆ ದೇವರೂ ಇಲ್ಲ, ತಂದೆಯೂ ಇಲ್ಲ ಎನಿಸುತ್ತದೆ. ಫಲಿತಾಂಶದ ದಿನಗಳಲ್ಲಿ ಪತ್ರಿಕೆಗಳಲ್ಲಿ ಓದುವ ದುರ್ವಾರ್ತೆಗಳ ಹಿಂದೆ ಒಂದೇ ಸಂಖ್ಯೆಗೆ ನೇತುಹಾಕಿದ ಬದುಕಿರಬಹುದು. ಸಂಖ್ಯೆ ಬಿದ್ದರೆ ಮತ್ತೆ ಪರೀಕ್ಷೆ ಬರೆಯಬಹುದು. ಮಗು ಹೋದರೆ? ಆದ್ದರಿಂದ ಅಂಕಪಟ್ಟಿ ಬರುವ ಮೊದಲೇ, "ಏನೇ ಬಂದರೂ ನೀನು ನಮ್ಮ ಮಗನೇ, ನಮ್ಮ ಮಗಳೇ" ಎಂದು ಬಾಯಿಬಿಟ್ಟು ಹೇಳಿರಿ. ಮನಸ್ಸಿನಲ್ಲಿದ್ದರೆ ಸಾಲದು.

ಮಿತ್ರರೇ, ನಿಮ್ಮ ದೇವರ ಹೆಸರು ಯಾವುದಾದರೂ ಇರಲಿ. ಮುಖ ಆ ಬೆಳಕಿನ ಕಡೆಗಿರಲಿ, ಕೈ ಇಂದಿನ ಪಾಠದ ಮೇಲಿರಲಿ. ಕಿರಣಗಳು ಕೂಡಲು ತುಸು ಹೊತ್ತು ಬೇಕು. ಅಷ್ಟರಲ್ಲಿ ಮಸೂರ ಕೆಳಗಿಡಬೇಡಿ.