ಮನೆಗಂದಾಯವೂ ಸಾಹುಕಾರನ ಸಾಲವೂ

ಸಾಲ ಕೊಟ್ಟವನು ಒಬ್ಬ, ಅದನ್ನು ವಸೂಲು ಮಾಡುವವನು ಇನ್ನೊಬ್ಬ. ಆ ಇನ್ನೊಬ್ಬನು ಸಾಕ್ಷಾತ್ ಸರಕಾರವೇ ಆಗಿದ್ದರೆ ಸಾಲಗಾರನ ಗತಿಯೇನು? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 2008ರಿಂದೀಚೆಗೆ ನಡೆದುಬಂದಿರುವ ಒಂದು ಪ್ರಯೋಗವು ಈ ಪ್ರಶ್ನೆಯನ್ನು ಎಬ್ಬಿಸಿದೆ. ಮಾಡಿನ ಮೇಲೆ ಸೌರಫಲಕ ಹಾಕಿಸಲು, ಚಳಿಗಾಳಿ ನುಗ್ಗದ ಕಿಟಕಿಗಳನ್ನು ಇಡಿಸಲು ಬೇಕಾದ ಹಣವನ್ನು ಸಾಲವಾಗಿ ಕೊಟ್ಟು, ಅದರ ಕಂತನ್ನು ಮನೆಗಂದಾಯದ ಜೊತೆಯಲ್ಲಿ ಎತ್ತುವ ಪದ್ಧತಿಯಿದು. 'ಪೇಸ್' ಎಂಬುದು ಇದರ ಹ್ರಸ್ವನಾಮ. ಇದರ ಗುಣದೋಷಗಳನ್ನು ನಮ್ಮ ಮುನಿಸಿಪಾಲಿಟಿಗಳ ಸದಸ್ಯರೂ ಅಧಿಕಾರಿಗಳೂ ಚೆನ್ನಾಗಿ ಆಲೋಚಿಸುವುದು ಯುಕ್ತವೆಂದು ನಮ್ಮ ಅಭಿಮತ.

ಪದ್ಧತಿಯ ಹುಟ್ಟು ನಿಷ್ಕಪಟವಾದುದೇ. ಕ್ಯಾಲಿಫೋರ್ನಿಯ ಸಂಸ್ಥಾನದ ಬರ್ಕ್ಲಿ ನಗರದಲ್ಲಿ ಒಂದು ಕೇರಿಯ ಮನೆಯವರು ಒಟ್ಟುಗೂಡಿ ವಿದ್ಯುತ್ ತಂತಿಗಳನ್ನು ನೆಲದೊಳಗೆ ಹೂಳಿಸಿ, ಅದರ ವೆಚ್ಚವನ್ನು ಮನೆಗಂದಾಯದೊಡನೆ ವರ್ಷವರ್ಷವೂ ತೀರಿಸುವ ವಾಡಿಕೆಯಿತ್ತು. ಕೇರಿಯ ತಂತಿಗೆ ಸಲ್ಲುವ ಕ್ರಮವು ಮನೆಯ ಮಾಡಿಗೆ ಏಕೆ ಸಲ್ಲಬಾರದೆಂದು ಆ ನಗರದ ಆಡಳಿತದವರು ಯೋಚಿಸಿದರು. 2008ರಲ್ಲಿ ಸಂಸ್ಥಾನದ ಶಾಸನಸಭೆಯು ಇದಕ್ಕೆ ಅನುಕೂಲವಾದ ಕಾನೂನನ್ನು ಮಾಡಿತು. ಅದೇ ವರ್ಷ ಬರ್ಕ್ಲಿಯ ಪ್ರಯೋಗವೂ ಆರಂಭವಾಯಿತು. ಸಾಲದ ಅವಧಿ ಇಪ್ಪತ್ತು ವರ್ಷ. ನಡುವೆ ಮನೆ ಮಾರಾಟವಾದರೆ ಉಳಿದ ಕಂತುಗಳು ಮನೆಯೊಡನೆಯೇ ಹೊಸ ಯಜಮಾನನ ಪಾಲಿಗೆ ಹೋಗತಕ್ಕವು. ಸಾಲವು ಮನುಷ್ಯನ ಮೇಲಲ್ಲ, ಮನೆಯ ಮೇಲೆ.

ಇದರಲ್ಲಿ ಬುದ್ಧಿವಂತಿಕೆಯಿದೆ ಎಂಬುದನ್ನು ನಾವು ಒಪ್ಪುತ್ತೇವೆ. ಸೌರಫಲಕದಿಂದ ಬರುವ ಉಳಿತಾಯವು ಅನೇಕ ವರ್ಷಗಳಲ್ಲಿ ಹನಿಹನಿಯಾಗಿ ಬರತಕ್ಕದ್ದು. ಖರ್ಚೋ ಮೊದಲನೆಯ ದಿನವೇ ಒಟ್ಟಾಗಿ ಬೀಳತಕ್ಕದ್ದು. ಐದಾರು ವರ್ಷಗಳಲ್ಲಿ ಊರು ಬಿಡುವವನು ಇಪ್ಪತ್ತು ವರ್ಷದ ಫಲಕ್ಕೆ ಹಣ ಹೂಡುವುದುಂಟೆ? ಈ ತೊಡಕನ್ನು ಬಿಡಿಸುವಂತೆ ತೋರಿದುದರಿಂದಲೇ ಮೂವತ್ತಕ್ಕೂ ಮಿಕ್ಕ ಸಂಸ್ಥಾನಗಳು ಇಂಥ ಕಾನೂನುಗಳನ್ನು ಮಾಡಿದವು.

ನಮ್ಮ ನಾಡಿಗೂ ಈ ಬಗೆಯ ಏರ್ಪಾಡು ತೀರ ಹೊಸತಲ್ಲ. 1883ರ ಭೂಸುಧಾರಣೆ ಸಾಲದ ಕಾಯಿದೆಯ ಮೇರೆಗೆ ಬ್ರಿಟಿಷರ ಆಳ್ವಿಕೆಯ ಸೀಮೆಗಳಲ್ಲಿ ರೈತನು ಬಾವಿ ತೋಡಿಸಲು, ಒಡ್ಡು ಹಾಕಿಸಲು ತಕಾವಿ ಸಾಲ ಪಡೆಯಬಹುದಾಗಿತ್ತು. ಕಂತು ತಪ್ಪಿದರೆ ಅದು ಭೂಕಂದಾಯದ ಬಾಕಿಯಂತೆ ವಸೂಲಾಗುತ್ತಿತ್ತು. ಪರಕೀಯ ಸರಕಾರದ ವಸೂಲಿಯನ್ನು ನಾವು ಹೊಗಳುವವರಲ್ಲ. ಆದರೂ ಅಲ್ಲಿ ಒಂದು ನ್ಯಾಯವಿತ್ತು: ಕೊಟ್ಟವನೂ ಸರಕಾರ, ಎತ್ತುವವನೂ ಸರಕಾರ. ಹಣ ಮುಳುಗಿದರೆ ನಷ್ಟವು ಬೊಕ್ಕಸಕ್ಕೇ. ಆದಕಾರಣ ಅರ್ಜಿಯ ವಿಷಯದಲ್ಲಿ ಬೇಕೆನಿಸಿದರೆ ಸಾರ್ವಜನಿಕ ನೋಟೀಸು ಹೊರಡಿಸಿ ತಕರಾರುಗಳನ್ನು ಕೇಳುವ ಅಧಿಕಾರವನ್ನು ಆ ಕಾಯಿದೆಯು ಅಧಿಕಾರಿಗೆ ಕೊಟ್ಟಿತ್ತು.

ಅಮೆರಿಕದಲ್ಲಿ ಕಡಿದುಹೋದುದು ಈ ಸಂಬಂಧವೇ. ಕಾಲಕ್ರಮದಲ್ಲಿ ಹಣ ಕೊಡುವ ಕೆಲಸವು ಹೆಚ್ಚಾಗಿ ಖಾಸಗಿ ಕಂಪೆನಿಗಳ ಕೈಗೆ ಬಂತು. ವಸೂಲಿಯ ದಂಡ ಮಾತ್ರ ಸರಕಾರದ ಕೈಯಲ್ಲುಳಿಯಿತು. ಕಂದಾಯದ ಬಾಕಿಗೆ ಮನೆಯೇ ಹರಾಜಾಗಬಹುದಾದುದರಿಂದ ಸಾಲಗಾರನ ವರಮಾನವನ್ನು ವಿಚಾರಿಸುವ ಗೋಜು ಕಂಪೆನಿಗೆ ಏತಕ್ಕೆ? ಮನೆಗೆ ಬೆಲೆಯಿದ್ದರೆ ಸಾಕಾಯಿತು. ಕಂಟ್ರಾಕ್ಟರರು ಮನೆಮನೆಯ ಬಾಗಿಲು ತಟ್ಟಿ, ವೃದ್ಧರಿಂದಲೂ ಇಂಗ್ಲಿಷು ಬಾರದವರಿಂದಲೂ ಸಹಿ ಪಡೆದರೆಂಬ ದೂರುಗಳು ರಾಶಿಯಾದುವು. ಇದು ಸಾಲವಲ್ಲ, ಸರಕಾರದ ಯೋಜನೆ ಎಂದು ನಂಬಿದವರೂ ಇದ್ದರು. ಸರಕಾರದ ಮುದ್ರೆಯನ್ನು ಸಾಹುಕಾರನಿಗೆ ಎರವಲು ಕೊಟ್ಟರೆ ಹೀಗಲ್ಲದೆ ಇನ್ನು ಹೇಗಾದೀತು?

ಅಡಮಾನದ ಸಾಲಗಾರರಿಗೆ ಬಂದ ಸಂಕಟ ಇನ್ನೊಂದು ಬಗೆಯದು. ಅಲ್ಲಿ ಮನೆಗಂದಾಯವನ್ನು ಅನೇಕ ವೇಳೆ ಅಡಮಾನ ಪಡೆದವನೇ ಕಟ್ಟಿ, ತಿಂಗಳ ಕಂತಿನಲ್ಲಿ ಸೇರಿಸಿ ಎತ್ತುತ್ತಾನೆ. ಕಂದಾಯ ಒಮ್ಮೆಲೆ ಏರಿದರೆ ತಿಂಗಳ ಕಂತೂ ಏರುವುದು. ಅಲ್ಲಿನ ಕೇಂದ್ರ ಸರಕಾರದ ಗ್ರಾಹಕ ಹಣಕಾಸು ರಕ್ಷಣಾ ಇಲಾಖೆಯು 2023ರಲ್ಲಿ ಪ್ರಕಟಿಸಿದ ವರದಿಯಂತೆ ಈ ಸಾಲ ಪಡೆದವರ ಕಂದಾಯವು ಸರಾಸರಿ ವರ್ಷಕ್ಕೆ ಸುಮಾರು 2,700 ಡಾಲರು, ಎಂದರೆ ನೂರಕ್ಕೆ 88ರಷ್ಟು ಏರಿತು. ಅಡಮಾನದ ಕಂತು ತಪ್ಪುವುದೂ ಹೆಚ್ಚಿತು. ಬಾಕಿ ಬಿದ್ದಾಗ ಈ ಸಾಲವು ಅಡಮಾನಕ್ಕಿಂತ ಮೊದಲು ಸಲ್ಲತಕ್ಕದ್ದಾದುದರಿಂದ, ಗೃಹಸಾಲಗಳ ಮೇಲ್ವಿಚಾರಣೆಯ ಕೇಂದ್ರಾಧಿಕಾರಿಗಳು 2010ರಲ್ಲಿಯೇ ಆಕ್ಷೇಪಿಸಿದ್ದರು. ಲಾಸ್ ಏಂಜಲೀಸ್ ಜಿಲ್ಲಾಡಳಿತವು 2020ರಲ್ಲಿ ತನ್ನ ಯೋಜನೆಯನ್ನೇ ನಿಲ್ಲಿಸಿಬಿಟ್ಟಿತು.

ತಿದ್ದುಪಡಿಗಳೂ ಆದುವು. ಸಾಲಗಾರನ ವರಮಾನವನ್ನು ನೋಡಿಯೇ ಸಾಲ ಕೊಡಬೇಕೆಂದು ಕ್ಯಾಲಿಫೋರ್ನಿಯವು 2017ರಲ್ಲಿ ಕಾನೂನು ಮಾಡಿತು. 2018ರಲ್ಲಿ ಕಾಂಗ್ರೆಸ್ ಸಭೆಯು ಇಡೀ ದೇಶಕ್ಕೆ ಅಂಥದೇ ನಿಯಮ ಆಗಬೇಕೆಂದು ವಿಧಿಸಿತು. ಆ ನಿಯಮ ಪ್ರಕಟವಾದುದು 2024ರ ಡಿಸೆಂಬರಿನಲ್ಲಿ. ಮೊದಲ ಪ್ರಯೋಗಕ್ಕೂ ಈ ನಿಯಮಕ್ಕೂ ನಡುವೆ ಹದಿನಾರು ವರ್ಷ! ಕೆರೆ ಒಡೆದ ಮೇಲೆ ತೂಬು ಮುಚ್ಚಿದಂತಾಯಿತು.

ಇಷ್ಟು ಕಟ್ಟುಪಾಡು ಹಾಕಿದರೆ ಬಡವನಿಗೆ ಸಾಲವೇ ದೊರೆಯದು ಎಂದು ಕೆಲವರು ವಾದಿಸುವರು. ಕ್ಯಾಲಿಫೋರ್ನಿಯದಲ್ಲಿ ಕಾನೂನಾದ ಮೇಲೆ ಇಂಥ ಸಾಲಗಳು ಬಹಳ ಕಡಮೆಯಾದುದು ನಿಜ. ಆದರೆ ತೀರಿಸಲಾರದವನಿಗೆ ಕೊಟ್ಟ ಸಾಲವು ಉಪಕಾರವಲ್ಲ. ಅದು ಅವನ ಮನೆಯನ್ನು ಕಂತಿನ ಮೇಲೆ ಕೊಂಡಂತೆ. ಬಡವನಿಗೆ ನೆರವಾಗುವ ಮನಸ್ಸು ಸರಕಾರಕ್ಕಿದ್ದರೆ ಸಹಾಯಧನ ಕೊಡಲಿ.

ನಮ್ಮಲ್ಲಿ ಸಹಾಯಧನದ ಮಾರ್ಗವೇ ನಡೆದಿದೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮನೆಯೊಂದಕ್ಕೆ 78,000 ರೂಪಾಯಿಗಳವರೆಗೆ ಸಹಾಯಧನವನ್ನು ಗೊತ್ತುಪಡಿಸಲಾಯಿತು. ಉಳಿದ ಹಣಕ್ಕೆ ಬ್ಯಾಂಕುಗಳ ಸಾಲದ ಏರ್ಪಾಡು. ಆದರೆ ಮುನಿಸಿಪಾಲಿಟಿಗಳಿಗೆ ಹಣದ ಅಭಾವ. ಕಂಪೆನಿಗಳಿಗೆ ಲಾಭದ ಹಸಿವು. ನೀವು ಕಂದಾಯದ ಪುಸ್ತಕ ಕೊಡಿ, ನಾವು ಹಣ ತರುತ್ತೇವೆ ಎಂದು ಯಾರಾದರೂ ನಾಳೆ ಬಾಗಿಲಿಗೆ ಬಂದರೆ ಆಶ್ಚರ್ಯವಿಲ್ಲ. ನಮ್ಮಲ್ಲಿಯೂ ಮನೆಗಂದಾಯದ ಬಾಕಿಯು ಸ್ವತ್ತಿನ ಮೇಲಣ ಅಗ್ರಗಣ್ಯವಾದ ಹೊರೆ ಎಂಬುದನ್ನು ಅಂದು ಸದಸ್ಯರು ಮರೆಯದಿರಲಿ.

ಪರದೇಶದ ಏರ್ಪಾಡೆಂದು ತಳ್ಳಿಬಿಡುವುದೂ ಅವಿವೇಕ, ಪರದೇಶದ್ದೆಂದೇ ತಲೆಯ ಮೇಲೆ ಹೊರುವುದೂ ಅವಿವೇಕ. ಈ ಪದ್ಧತಿ ಇಲ್ಲಿಗೆ ಬರುವುದಾದರೆ ಮೂರು ಕಟ್ಟುಗಳಿಗೆ ಒಳಪಟ್ಟೇ ಬರಬೇಕು: ಹಣವನ್ನು ಮುನಿಸಿಪಾಲಿಟಿಯೇ ಕೊಟ್ಟು ನಷ್ಟದ ಹೊಣೆಯನ್ನೂ ಹೊರಬೇಕು, ಸಾಲಗಾರನ ವರಮಾನವನ್ನು ವಿಚಾರಿಸಿ, ಸಾಲದ ಕರಾರನ್ನು ಕನ್ನಡದಲ್ಲಿ ಓದಿ ಹೇಳಿ ಸಹಿ ಪಡೆಯಬೇಕು, ಕೆಲಸವನ್ನು ಸರಕಾರದ ಇಂಜಿನಿಯರು ನೋಡಿ ಒಪ್ಪಿದ ಹೊರತು ಕಂಟ್ರಾಕ್ಟರನಿಗೆ ಕಾಸು ಸಲ್ಲಕೂಡದು. ಕಂದಾಯ ಎತ್ತುವ ಅಧಿಕಾರವನ್ನು ಪ್ರಜೆಗಳು ಸರಕಾರಕ್ಕೆ ಕೊಟ್ಟಿರುವುದು ರಸ್ತೆಗೆ, ನೀರಿಗೆ, ದೀಪಕ್ಕೆ. ಅದನ್ನು ಸಾಹುಕಾರನ ಬಾಡಿಗೆಗೆ ಕೊಡಲು ಯಾವ ಸಭೆಗೂ ಹಕ್ಕಿಲ್ಲ.