ಗೋಡೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ?

ಮಳೆಗಾಲ ಹಿಂದೆ ಸರಿದು ಆಶ್ವಯುಜದ ಬಿಸಿಲು ಅಂಗಳಕ್ಕೆ ಇಳಿದಾಗ ಮಲೆನಾಡಿನ ಮನೆಗಳ ಗೋಡೆಗಳು ನಾಲ್ಕು ತಿಂಗಳ ಲೆಕ್ಕ ಒಪ್ಪಿಸತೊಡಗುತ್ತವೆ. ಪಡುವಣ ಗೋಡೆ ಕಪ್ಪುಗಟ್ಟಿರುತ್ತದೆ; ಬಚ್ಚಲಿನ ಹಿಂಬದಿ ಹಸಿರಾಗಿರುತ್ತದೆ; ಪಾಗಾರದ ಮೇಲೆ ಹಾವಸೆ ದಪ್ಪನಾಗಿ ಹಬ್ಬಿರುತ್ತದೆ. ದೀಪಾವಳಿಯೊಳಗೆ ಇವೆಲ್ಲ ಹೋಗಬೇಕೆಂಬುದು ಮನೆಯವರ ಅಪೇಕ್ಷೆ. ಹಿಂದೆ ಇದಕ್ಕೆ ಸುಣ್ಣವಿತ್ತು, ಕೆಮ್ಮಣ್ಣಿತ್ತು, ನಾರಿನ ಕುಂಚವಿತ್ತು. ಈಗ ಪೇಟೆಯಿಂದ ದಿನಬಾಡಿಗೆಗೆ ಪ್ರೆಶರ್ ವಾಷರ್ ಬರುತ್ತದೆ. ಅದು ಸಿಗದಿದ್ದರೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಪವರ್ ಸ್ಪ್ರೇಯರ್ ಇದ್ದೇ ಇದೆ. ಅರ್ಧ ದಿನದಲ್ಲಿ ಗೋಡೆ ಬೆಳ್ಳಗಾಗುತ್ತದೆ. ಮರುವರ್ಷ ಅದೇ ಗೋಡೆ ಮೊದಲಿಗಿಂತ ಬೇಗ ಕಪ್ಪಾದರೆ ಯಂತ್ರವನ್ನು ಯಾರೂ ದೂರುವುದಿಲ್ಲ, ಮಳೆಯನ್ನು ದೂರುತ್ತಾರೆ.

10 ಮೀಟರ್ ಎತ್ತರದ ಟ್ಯಾಂಕಿನಿಂದ ಇಳಿದು ಬರುವ ನೀರಿಗೆ ಸುಮಾರು 1 ಬಾರ್ ಒತ್ತಡವಿರುತ್ತದೆ. ಮನೆಬಳಕೆಯ ಪ್ರೆಶರ್ ವಾಷರಿನ ಪಂಪು 100ರಿಂದ 150 ಬಾರ್ ಒತ್ತಡವನ್ನು ಹುಟ್ಟಿಸಬಲ್ಲದು. ವಾಹನದ ಚಕ್ರಕ್ಕೆ ಅಂಟಿದ ಕೆಸರನ್ನು ಬಿಡಿಸುವುದಕ್ಕೆ ಇದು ಸರಿ. ಉಸಿರಾಡುವ ಗೋಡೆಗೆ ಇದು ಸರಿಯೇ ಎಂಬುದು ಬೇರೆ ಪ್ರಶ್ನೆ.

ಗೋಡೆಯ ಮೇಲಿನದು ಕೊಳೆಯೆಂದು ಭಾವಿಸಿರುವುದೇ ಮೊದಲ ತಪ್ಪು. ಅದರ ಬಹುಪಾಲು ಜೀವಿಗಳು. ಕಪ್ಪು ಪದರದಲ್ಲಿ ಹೆಚ್ಚಾಗಿ ಇರುವುದು ನೀಲಿ-ಹಸಿರು ಪಾಚಿ. ಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳಲು ಅದು ಕಡುಬಣ್ಣದ ಹೊದಿಕೆಯನ್ನು ಕಟ್ಟಿಕೊಳ್ಳುತ್ತದೆ. ಕೆಲವು ಗೋಡೆಗಳಲ್ಲಿ ಕಾವಿ ಬಳಿದಂತೆ ಕಾಣುವುದು ಟ್ರೆಂಟಿಪೋಲಿಯ ಎಂಬ ಮತ್ತೊಂದು ಪಾಚಿ. ಹಳೆಯ ಪಾಗಾರದ ಬೂದುಬಣ್ಣದ ಚಕ್ಕೆಗಳು ಮಸಾಲೆಗೆ ಹಾಕುವ ಕಲ್ಲುಹೂವಿನ ನೆಂಟರು. ನೀಲಿ-ಹಸಿರು ಪಾಚಿಯ ಬಳಗವು ಭತ್ತದ ಗದ್ದೆಯಲ್ಲಿ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆಂದು ಪಿ.ಕೆ. ಡೇ ಎಂಬ ವಿಜ್ಞಾನಿ 1939ರಲ್ಲೇ ತೋರಿಸಿಕೊಟ್ಟರು. ಗದ್ದೆಯಲ್ಲಿ ಗೊಬ್ಬರವಾದದ್ದು ಗೋಡೆಯಲ್ಲಿ ಕೊಳೆಯಾಗುವ ನ್ಯಾಯ ವಿಚಿತ್ರವೇ. ಬಿರುಕಿನಲ್ಲಿ ಬೇರೂರುವ ಅಶ್ವತ್ಥ, ಗೋಳಿಗಳ ಸಸಿಯನ್ನು ಅವಶ್ಯವಾಗಿ ಕೀಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೆಳುವಾದ ಪಾಚಿ ಮನೆ ಕೆಡಹುವ ಶತ್ರುವಲ್ಲ. ಇಲ್ಲಿ ಒದ್ದೆ ನಿಂತಿದೆ ಎಂದು ಅದು ಹೇಳುತ್ತಿದೆ, ಅಷ್ಟೆ.

ಒದ್ದೆ ಏಕೆ ನಿಂತಿತು? ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಇಂಥ ಸೀಮೆಯಲ್ಲಿ ಮನೆ ಕಟ್ಟಿದ ಹಿರಿಯರು ಮಾಡಿನ ಸೂರನ್ನು ಗೋಡೆಯಿಂದ ಬಹುದೂರ ಚಾಚಿ ಇಳಿಸುತ್ತಿದ್ದರು. ಅದೂ ಸಾಲದಾದಾಗ ಎರಚಲು ಹೊಡೆಯುವ ದಿಕ್ಕಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಇಂದು ಬಯಲುಸೀಮೆಯ ನಗರದ ನಕ್ಷೆ ಘಟ್ಟ ಹತ್ತಿ ಬಂದಿದೆ. ತಾರಸಿ ಮನೆ, ಕಿಟಕಿಯ ಮೇಲೆ ಮಾತ್ರ ಒಂದೂವರೆ ಅಡಿಯ ಸಜ್ಜ, ಉಳಿದ ಗೋಡೆ ನಾಲ್ಕು ತಿಂಗಳೂ ಬತ್ತಲೆ. ಮೇಲೆ ಪ್ಲಾಸ್ಟಿಕ್ಕಿನ ಪೊರೆಯಂಥ ಎಮಲ್ಷನ್ ಬಣ್ಣ. ಕೂದಲೆಳೆಯ ಬಿರುಕಿನಿಂದ ಒಳಹೊಕ್ಕ ನೀರು ಹೊರಬರಲು ದಾರಿಯಿಲ್ಲ. ಈ ಗೋಡೆಗೆ ಯಂತ್ರದ ಧಾರೆ ಹಿಡಿದಾಗ ಆಗುವುದೇನು? ಮಳೆ ನಾಲ್ಕು ತಿಂಗಳಲ್ಲಿ ತುಂಬಲಾರದ ನೀರನ್ನು ಯಂತ್ರವು ಬಿರುಕಿನೊಳಗೆ ಒತ್ತಿ ತುಂಬುತ್ತದೆ. ಬಣ್ಣದ ಮೇಲ್ಪದರ ಕಿತ್ತು ಗಾರೆಯ ಮೈ ತರಕಲಾಗುತ್ತದೆ. ತರಕಲು ಮೈಯಲ್ಲಿ ನೀರೂ ನಿಲ್ಲುತ್ತದೆ, ಪಾಚಿಯ ಬೀಜಾಣುವೂ ನಿಲ್ಲುತ್ತದೆ. ಮರುವರ್ಷ ಬೇಗ ಕಪ್ಪಾಗುವ ಗುಟ್ಟು ಇಲ್ಲಿದೆ.

ಹಳೆಯ ಮನೆಗಳಿಗೆ ಪೆಟ್ಟು ಇನ್ನೂ ಹೆಚ್ಚು. ಜಂಬಿಟ್ಟಿಗೆ ಕಲ್ಲು ಗಾಳಿ ಬಿಸಿಲಿಗೆ ಮೈಯೊಡ್ಡಿ ಗಟ್ಟಿಯಾಗುವಂಥದು. ಅದರ ರಂಧ್ರಗಳಲ್ಲಿ ಮೆದು ಜೇಡಿ ತುಂಬಿರುತ್ತದೆ. ಬಲವಾದ ಧಾರೆ ಆ ಜೇಡಿಯನ್ನೂ ಸಂದಿನ ಸುಣ್ಣದ ಗಾರೆಯನ್ನೂ ಅಗೆದು ತೆಗೆಯುತ್ತದೆ. ಮಣ್ಣಿನ ಗೋಡೆಯ ಮಾತಂತೂ ಬೇಡ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಕಡೆ ಹಬ್ಬಿದ ಹೆಂಚು, ಮೇಲಿನಿಂದ ಕೆಳಕ್ಕೆ ಹರಿಯುವ ನೀರಿಗಾಗಿ ರೂಪುಗೊಂಡದ್ದು. ಕೆಳಗಿನಿಂದ ಮೇಲಕ್ಕೆ ಧಾರೆ ಹೊಡೆದರೆ ನೀರು ಹೆಂಚಿನ ಸಂದಿನಲ್ಲಿ ನುಗ್ಗಿ ರೀಪು ಪಕಾಸಿಗಳನ್ನು ನೆನೆಸುತ್ತದೆ.

ಇನ್ನು ನೀರಿನ ಮಾತು. ಸಣ್ಣ ಯಂತ್ರವೊಂದು ನಿಮಿಷಕ್ಕೆ 7 ಲೀಟರ್ ಬಳಸಿದರೂ ನಾಲ್ಕು ಗಂಟೆಗೆ 1,680 ಲೀಟರ್ ಆಯಿತು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಗೊತ್ತುಪಡಿಸಿದ ಪ್ರಮಾಣ 55 ಲೀಟರ್. ಆರು ಮಂದಿಯ ಕುಟುಂಬದ ಐದು ದಿನಗಳ ನೀರು ಒಂದು ಬೆಳಗಿನಲ್ಲಿ ಗೋಡೆಗೆ ಸಂದಾಯ. ಬರಿಯ ಪೈಪಿಗಿಂತ ಯಂತ್ರಕ್ಕೆ ನೀರು ಕಡಿಮೆ ಸಾಕು ಎಂದು ಮಾರುವವರು ಹೇಳುತ್ತಾರೆ, ಅದು ನಿಜ. ಆದರೆ ಯಂತ್ರ ಬರುವ ಮೊದಲು ಪೈಪು ಹಿಡಿದು ಇಡೀ ಮನೆ ತೊಳೆದವರು ಯಾರಿದ್ದರು? ದೀಪಾವಳಿಗೆ ಅಬ್ಬಿಯಲ್ಲಿ ನೀರಿದೆ, ಆಗಲಿ ಎನ್ನೋಣ. ವೈಶಾಖದ ಮದುವೆಗೆಂದು ಇದೇ ಸಂಭ್ರಮ ಮತ್ತೊಮ್ಮೆ ನಡೆಯುವಾಗ ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರಿರುವುದಿಲ್ಲ.

ಬರಿಯ ನೀರಿಗೆ ಬಿಡದ ಕಲೆಗೆ ಬ್ಲೀಚಿಂಗ್ ಪೌಡರ್, ಅದಕ್ಕೂ ಬಗ್ಗದಿದ್ದರೆ ಆಸಿಡ್. ಇವೆರಡನ್ನೂ ಒಂದೇ ಬಕೆಟ್ಟಿಗೆ ಹಾಕಿದರೆ ಹೊಮ್ಮುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆಂಬುದು ಶಾಲೆಯ ಮಕ್ಕಳಿಗೂ ತಿಳಿದಿರಬೇಕು. ಆಸಿಡ್ ಪಾಚಿಯ ಜೊತೆಗೆ ಗಾರೆಯ ಸುಣ್ಣವನ್ನೂ ಕರಗಿಸುತ್ತದೆ. ಮಲೆನಾಡಿನಲ್ಲಿ ಮನೆ ಮೇಲೆ, ತೋಟ ಕೆಳಗೆ, ಹಳ್ಳ ಅದಕ್ಕೂ ಕೆಳಗೆ. ಗೋಡೆಯಿಂದ ಇಳಿದದ್ದು ಅಂಗಳ ದಾಟಿ, ತೋಟದ ಬಸಿಗಾಲುವೆ ಹಿಡಿದು, ಹಳ್ಳ ಸೇರುವುದಕ್ಕೆ ಹೆಚ್ಚು ಹೊತ್ತು ಬೇಡ. ಮೀನು, ಕಪ್ಪೆಯ ಗೊದಮೊಟ್ಟೆ, ಏಡಿಯ ಮರಿಗಳಿಗೆ ಕ್ಲೋರಿನ್ನಿನ ಅತ್ಯಲ್ಪ ಅಂಶವೂ ವಿಷ. ಸ್ಪ್ರೇಯರಿನಿಂದ ತೊಳೆದರೆ ಅದರ ಪೈಪಿನಲ್ಲುಳಿದ ಮೈಲುತುತ್ತವೂ ಜೊತೆಗೂಡುತ್ತದೆ. ಕಿಟಕಿ ಬಾಗಿಲಿನ ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಮನೆಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ವಿಧಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಚಕ್ಕೆಗಳು ಧಾರೆಗೆ ಸಿಡಿದು ಬೀಳುವುದು ಕೋಳಿ ಕೆದರುವ, ಮಗು ಅಂಬೆಗಾಲಿಡುವ ಅಂಗಳಕ್ಕೇ.

ಎಲ್ಲಕ್ಕಿಂತ ಭಯವಾಗಬೇಕಾದದ್ದು ಸಿಮೆಂಟ್ ಶೀಟಿನ ವಿಷಯದಲ್ಲಿ. ಕೊಟ್ಟಿಗೆ, ಅಡಿಕೆ ಸುಲಿಯುವ ಚಪ್ಪರ, ಸ್ನಾನದ ಮನೆ, ಎಲ್ಲೆಲ್ಲೂ ಹಾಸಿರುವ ಹಳೆಯ ಶೀಟುಗಳಲ್ಲಿ ಕಲ್ನಾರಿನ ಎಳೆಗಳಿವೆ. ಧಾರೆಯ ಹೊಡೆತಕ್ಕೆ ಮೇಲಿನ ಸಿಮೆಂಟು ಸವೆದು ಎಳೆಗಳು ಬಿಡುಗಡೆಯಾಗುತ್ತವೆ. ನೀರು ಆರಿದ ಮೇಲೆ ಗಾಳಿಗೆ ಏಳುತ್ತವೆ. ಅವು ಶ್ವಾಸಕೋಶ ಹೊಕ್ಕು ದಶಕಗಳ ಬಳಿಕ ಕ್ಯಾನ್ಸರ್ ತರಬಲ್ಲವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇಂಥ ಮಾಡನ್ನು ಒತ್ತಡದ ನೀರಿನಿಂದ ತೊಳೆಯುವುದು ಅಪರಾಧ. ಇಲ್ಲಿ ಅದು ಹಬ್ಬದ ತಯಾರಿ! ಈ ಶೀಟನ್ನು ತೊಳೆಯಲೂ ಬಾರದು, ಉಜ್ಜಲೂ ಬಾರದು. ಪಾಚಿ ಇದ್ದರೆ ಇರಲಿ.

ಹಾಗಾದರೆ ಗೋಡೆ ಕಪ್ಪಾಗಿಯೇ ಇರಬೇಕೇ? ಬೇಕಿಲ್ಲ. ಮೊದಲು ಒದ್ದೆಯ ಮೂಲವನ್ನು ಹುಡುಕಬೇಕು: ಒಡೆದ ದೋಣಿ, ಸೋರುವ ಟ್ಯಾಂಕು, ಗೋಡೆಗೆ ಒರಗಿ ಬೆಳೆದ ಗಿಡ. ಸೂರಿನ ನೀರು ಬೀಳುವ ಸಾಲಿಗೆ ಜಲ್ಲಿ ಹಾಸಿದರೆ ಗೋಡೆಯ ಬುಡಕ್ಕೆ ಕೆಸರು ಸಿಡಿಯುವುದು ತಗ್ಗುತ್ತದೆ. ತಾರಸಿ ಮನೆಗೆ ಪಡುವಣ ದಿಕ್ಕಿನಲ್ಲಾದರೂ ಮಾಡು ಇಳಿಸಬೇಕು. ಆಗುವವರೆಗೆ ಸೋಗೆಯ ತಟ್ಟಿಗೆ ನಾಚಬೇಕಾಗಿಲ್ಲ. ಪಾಚಿ ಪೂರ್ಣ ಒಣಗಿದ ಮಾಘ ಫಾಲ್ಗುಣದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾರಿನ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದರೆ ಬಹುಪಾಲು ಉದುರುತ್ತದೆ. ಸೀಸದ ಬಣ್ಣದ ಅನುಮಾನವಿರುವ ಮರವನ್ನು ಮಾತ್ರ ಒಣಗಿದ್ದಾಗ ಉಜ್ಜದೆ ಒದ್ದೆ ಬಟ್ಟೆಯಿಂದ ಒರಸಬೇಕು. ಕಲ್ಲು, ಮಣ್ಣು, ಸುಣ್ಣದ ಗಾರೆಯ ಗೋಡೆಗೆ ಸುಣ್ಣವೇ ಲೇಸು. ಹೊಸ ಸುಣ್ಣದ ಕ್ಷಾರದಲ್ಲಿ ಪಾಚಿ ಬದುಕದು. ಗೋಡೆಯ ಉಸಿರೂ ಕಟ್ಟದು. ಎಮಲ್ಷನ್ ಬಳಿದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲವೆಂಬುದನ್ನು ಒಪ್ಪಬೇಕು. ಅಲ್ಲಿ ಬ್ರಷ್ಷು, ಒಂದು ಬಕೆಟ್ ನೀರು, ಸ್ವಲ್ಪ ಸೋಪು.

ಯಂತ್ರಕ್ಕೆ ಒಂದು ಜಾಗವಿದೆ. ವಯಸ್ಸಾದವರು ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವ ಸಿಮೆಂಟಿನ ಅಂಗಳ, ಬಾವಿಕಟ್ಟೆಯ ಮೆಟ್ಟಿಲು. ಅಲ್ಲಿಯ ಹಾವಸೆ ತೆಗೆಯಲೇಬೇಕು. ಪುಡಿ, ಆಸಿಡ್ ಹಾಕದೆ ಬರಿ ನೀರಿನಲ್ಲಿ ತೊಳೆದು, ಆ ನೀರನ್ನು ಬಸಿಗಾಲುವೆಗೆ ಬಿಡದೆ ತೆಂಗಿನ ಬುಡಕ್ಕೆ ತಿರುಗಿಸಿದರೆ ಆಯಿತು.