ಮೊಲಕ್ಕೆ ತಾಗಿದ್ದು ದೃಷ್ಟಿಯಲ್ಲ, ಬಿಸ್ಕೀಟು

ಮಕ್ಕಳ ಹಟಕ್ಕೆ ಸಂತೆಯಿಂದ ಮೊಲ ತಂದ ಮನೆಗಳಲ್ಲಿ ಅದು ಸತ್ತಾಗ ಕೇಳಿಬರುವ ಮಾತು ಒಂದೇ: 'ನಿನ್ನೆ ತನಕ ಚಲೋ ಇತ್ತು, ಯಾರದೋ ದೃಷ್ಟಿ ತಾಗಿತು.' ರಾಮಸಮುದ್ರವಿರಲಿ, ಶಹಾಪುರವಿರಲಿ, ಸುರಪುರವಿರಲಿ, ಈ ಮಾತನ್ನು ನಾವು ಒಪ್ಪುವುದಿಲ್ಲ. ಬಹಳ ಸಲ ಅದು ನಿನ್ನೆ ತನಕ ಚಲೋ ಇರಲೇ ಇಲ್ಲ. ಹಿಕ್ಕೆ ಸಣ್ಣದಾಗುತ್ತಾ ಬಂದು ನಿಂತೇ ಹೋಗಿತ್ತು. ನೋಡಿದವರು ಇರಲಿಲ್ಲ.

ಹಿಕ್ಕೆ ನೋಡುವುದನ್ನು ನಮ್ಮ ಭಾಗದ ಜನಕ್ಕೆ ಯಾರೂ ಕಲಿಸಬೇಕಿಲ್ಲ ಎಂಬುದೇ ಇಲ್ಲಿನ ಸೋಜಿಗ. ಕುರಿಗಾರ ಬೆಳಿಗ್ಗೆ ಹಟ್ಟಿಗೆ ಕಾಲಿಟ್ಟರೆ ಮೊದಲು ನೋಡುವುದು ನೆಲವನ್ನು. ಯಾವ ಕುರಿ ತೆಳ್ಳಗೆ ಹಾಕಿದೆ, ಯಾವುದರ ಬಾಲಕ್ಕೆ ಅಂಟಿದೆ ಎಂದು ಅವನಿಗೆ ಕೂಡಲೇ ತಿಳಿಯುತ್ತದೆ. ಹೊಲದಲ್ಲಿ ಕುರಿ ತರುಬಿಸಿ ರಾತ್ರಿಯ ಲೆಕ್ಕದಲ್ಲಿ ದುಡ್ಡೋ ಕಾಳೋ ಕೊಡುವವರು ನಾವು, ಹಿಕ್ಕೆಯ ಬೆಲೆ ಅರಿಯದವರಲ್ಲ. ಅದೇ ಮನೆಯ ಮೊಲದ ಗೂಡನ್ನು ಮಾತ್ರ ಕಣ್ಣು ಮುಚ್ಚಿ ಗುಡಿಸಿ ತಿಪ್ಪೆಗೆ ಹಾಕುತ್ತೇವೆ.

ಮೊಲದ ಹೊಟ್ಟೆ ಹೇಗೆ ನಡೆಯುತ್ತದೆ ಎಂದು ತಿಳಿದರೆ ಈ ಉದಾಸೀನ ಎಷ್ಟು ದುಬಾರಿ ಎಂದು ಗೊತ್ತಾಗುತ್ತದೆ. ಅದಕ್ಕೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಬರಬೇಕು. ಕರುಳು ಸದಾ ಸರಿಯುತ್ತಲೇ ಇರಬೇಕು, ಅದನ್ನು ಸರಿಸುವುದು ಹುಲ್ಲಿನ ನಾರು. ನಾರು ಕಡಿಮೆಯಾಗಿ ಹಿಟ್ಟು, ಸಕ್ಕರೆ ಹೆಚ್ಚಾದರೆ ಕರುಳು ನಿಧಾನವಾಗುತ್ತದೆ, ಕೆಟ್ಟ ಸೂಕ್ಷ್ಮಾಣುಗಳು ಹೆಚ್ಚುತ್ತವೆ, ಗಾಳಿ ತುಂಬಿ ಹೊಟ್ಟೆ ನೋಯುತ್ತದೆ. ನೋವಿಗೆ ಮೊಲ ತಿನ್ನುವುದನ್ನು ಬಿಡುತ್ತದೆ. ತಿನ್ನದಿದ್ದರೆ ಕರುಳು ಇನ್ನಷ್ಟು ನಿಲ್ಲುತ್ತದೆ. ಈ ಸುತ್ತು ಒಮ್ಮೆ ಶುರುವಾದರೆ ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು.

ಚಲೋ ಇರುವ ಮೊಲ ದಿನಕ್ಕೆ ನೂರಾರು ಹಿಕ್ಕೆ ಹಾಕುತ್ತದೆ. ಎಲ್ಲ ಹೆಚ್ಚು ಕಡಿಮೆ ಒಂದೇ ಗಾತ್ರ, ಕಡಲೆಕಾಳಿನಂತೆ ದುಂಡಗೆ, ಒಣಗಿದ್ದು. ಬೆರಳಲ್ಲಿ ಹಿಸುಕಿದರೆ ಪುಡಿಯಾಗಿ ಒಳಗೆ ಹುಲ್ಲಿನ ಚೂರು ಕಾಣಬೇಕು. ಸಣ್ಣಗೆ, ಕಪ್ಪಗೆ, ಗಟ್ಟಿಯಾಗಿದ್ದರೆ ಮೇವು, ನೀರು ಸಾಲುತ್ತಿಲ್ಲ. ಮಣಿಸರದಂತೆ ಕೂದಲಲ್ಲಿ ಪೋಣಿಸಿಕೊಂಡು ಬಂದರೆ ಮೈಕೂದಲು ನುಂಗುತ್ತಿದೆ, ಹುಲ್ಲು ಹೆಚ್ಚಿಸಿ. ಲೋಳೆ ಬಂದರೆ, ನೀರಾಗಿ ಹೋದರೆ ನಾಳೆಗೆ ಕಾಯಬೇಡಿ.

ಇನ್ನೊಂದು ಬಗೆಯೂ ಉಂಟು: ಮೆತ್ತಗೆ, ಹೊಳೆಯುವ, ಸಣ್ಣ ದ್ರಾಕ್ಷಿ ಗೊಂಚಲಿನಂಥದ್ದು. ಅದನ್ನು ಮೊಲ ತನ್ನ ಹಿಂಭಾಗಕ್ಕೇ ಬಾಯಿ ಹಾಕಿ ತಿನ್ನುತ್ತದೆ. 'ಥೂ, ಹೇಲು ತಿನ್ನುತ್ತದೆ' ಎಂದು ಹೊಡೆಯುವವರಿದ್ದಾರೆ. ದನ ಮೆಲುಕು ಹಾಕಿದರೆ ಹೊಡೆಯುತ್ತೀರಾ? ಇದೂ ಒಂದು ಬಗೆಯ ಮೆಲುಕೇ. ಮೊದಲ ಸಲ ದಕ್ಕದ ಸತ್ವ ಎರಡನೇ ಸಲ ದಕ್ಕುತ್ತದೆ. ಆದರೆ ಆ ಗೊಂಚಲು ತಿನ್ನದೆ ಗೂಡಲ್ಲೇ ಬಿದ್ದಿದ್ದರೆ, ಹಿಂಭಾಗಕ್ಕೆ ಮೆತ್ತಿಕೊಂಡಿದ್ದರೆ, ತಿನಿಸು ಅತಿಯಾಗಿದೆ ಎಂದು ತಿಳಿಯಿರಿ. ಇಲ್ಲವೆ ಮೈ ಬೆಳೆದು ಅದಕ್ಕೆ ಬಾಯಿ ಎಟುಕುತ್ತಿಲ್ಲ.

ಮೊಲ ನೋವನ್ನು ಮುಚ್ಚಿಡುವ ಪ್ರಾಣಿ. ನಾಯಿಯಂತೆ ಕುಂಯ್ಗುಡುವುದಿಲ್ಲ. ಮೂಲೆ ಹಿಡಿದು ಮೈ ಗೂನು ಮಾಡಿ ಕೂರುವುದು, ಹಲ್ಲು ಕಟಕಟ ಕಡಿಯುವುದು, ಕಿವಿ ತಣ್ಣಗಾಗುವುದು, ಹೊಟ್ಟೆ ಬಿಗಿಯುವುದು, ಇಷ್ಟೇ ಅದರ ಭಾಷೆ. 'ಸುಮ್ಮನೆ ಕೂತಿದೆ, ಪಾಪ ಬಹಳ ಸಾಧು' ಎಂದು ಫೋಟೊ ತೆಗೆದು ಸ್ಟೇಟಸ್ ಹಾಕುತ್ತೇವಲ್ಲ, ಅದರಲ್ಲಿ ಎಷ್ಟು ಮೊಲಗಳು ಹೊಟ್ಟೆನೋವಿನಿಂದ ಕೂತಿದ್ದವೋ!

ತಪ್ಪು ಮಕ್ಕಳದ್ದಲ್ಲ. ಬಿಸ್ಕೀಟು, ಬ್ರೆಡ್ಡು, ಅನ್ನ, ಚುರುಮುರಿ ಕೊಡುವುದನ್ನು ನೋಡಿ ನಗುವ ದೊಡ್ಡವರದ್ದು. ಗಜ್ಜರಿಯೇ ಮೊಲದ ಊಟ ಎಂದು ಕಾರ್ಟೂನು ಹೇಳಿದ್ದನ್ನು ನಂಬಿದ್ದೇವೆ, ಅದರಲ್ಲೂ ಸಕ್ಕರೆ ಇದೆ, ಒಂದು ಚೂರು ಸಾಕು. ಬೇಕಾದ ಊಟ ಬದುವಿನಲ್ಲಿ ಪುಕ್ಕಟೆ ಬೆಳೆದಿದೆ: ಗರಿಕೆ, ಒಣಗಿಸಿದ ಹುಲ್ಲು. ಹಗಲು ರಾತ್ರಿ ಮುಂದಿರಲಿ. ಆದರೆ ಹತ್ತಿಗೆ, ಮೆಣಸಿನಕಾಯಿಗೆ ಎಣ್ಣೆ ಹೊಡೆದ ಹೊಲದ ಬದುವಿನ ಹುಲ್ಲು ಬೇಡ. ಕೂಳೆ ಜೋಳದ ಎಳೆ ಚಿಗುರೂ ಬೇಡ, ಅದನ್ನು ತಿಂದು ದನಗಳೇ ಸತ್ತಿರುವುದು ರೈತರಿಗೆ ಗೊತ್ತು.

ಬೇಸಿಗೆಯ ಮಾತನ್ನೂ ಹೇಳಬೇಕು. ಯಾದಗಿರಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮೊಲಕ್ಕೆ 30 ದಾಟಿದರೇ ಸಂಕಟ. ತಗಡಿನ ಕೆಳಗೆ ಗೂಡಿಟ್ಟರೆ ಮೇವು ಬಿಡುತ್ತದೆ, ಮೇವು ಬಿಟ್ಟರೆ ಹಿಕ್ಕೆ ನಿಲ್ಲುತ್ತದೆ.

ನಮಗೆ ಹೆಚ್ಚು ಸಿಟ್ಟು ಬರಿಸುವುದು ಮದ್ದಿನ ವಿಷಯ. ಮಗುವಿಗೆ ತಂದು ಉಳಿದ ಅಮಾಕ್ಸಿಸಿಲಿನ್ ಸಿರಪ್ಪನ್ನು ಮೊಲದ ಬಾಯಿಗೆ ಹಾಕುವವರಿದ್ದಾರೆ. ಪೆನಿಸಿಲಿನ್ ಜಾತಿಯ ಔಷಧ ಬಾಯಿ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ಸತ್ತು ಮೊಲವೇ ಸಾಯಬಹುದು. ನಾಯಿಯ ಉಣ್ಣೆಗೆ ಹಚ್ಚುವ ಫಿಪ್ರೊನಿಲ್ ಕೂಡ ಮೊಲಕ್ಕೆ ವಿಷ. ಔಷಧ ಅಂಗಡಿಯವರು ಹೇಳಿದರು ಎಂಬುದು ಸಮಜಾಯಿಷಿ ಆಗುವುದಿಲ್ಲ.

'ನೂರಿನ್ನೂರು ರೂಪಾಯಿ ಪ್ರಾಣಿಗೆ ಡಾಕ್ಟರು ಯಾಕೆ?' ಎನ್ನುವವರಿಗೆ ನಮ್ಮ ಮರುಪ್ರಶ್ನೆ: ಕೋಳಿಯನ್ನಾದರೆ ಕೊಯ್ದು ತಿನ್ನುತ್ತೀರಿ, ಇದನ್ನು ತಂದಿದ್ದು ಪ್ರೀತಿಗೆ ಎಂದಿರಲ್ಲ, ಆ ಪ್ರೀತಿಗೆ ಬೆಲೆ ಕಟ್ಟಿದವರು ಯಾರು? ಹತ್ತು ಹನ್ನೆರಡು ತಾಸು ತಿಂದಿಲ್ಲ, ಹಿಕ್ಕೆ ಹಾಕಿಲ್ಲ ಎಂದರೆ ಪಶು ದವಾಖಾನೆಗೆ ಒಯ್ಯಿರಿ, ಇಲ್ಲವೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. 'ಮೊಲ ಸಪ್ಪಗಿದೆ' ಎಂದಷ್ಟೇ ಹೇಳಬೇಡಿ, ಎಷ್ಟು ತಾಸಾಯಿತು ಎಂದು ಹೇಳಿ. ಕೊನೆಯ ಹಿಕ್ಕೆಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ, ನಾಚಿಕೆ ಏಕೆ?

ದವಾಖಾನೆಯವರಿಗೂ ಒಂದು ಮಾತು. 'ಮೊಲದ್ದು ನಮಗೆ ಬರಲ್ಲ' ಎಂದು ಬಾಗಿಲಲ್ಲೇ ಕಳಿಸಬೇಡಿ. ಜಾನುವಾರು ಗಣತಿಯಲ್ಲಿ ಮೊಲವನ್ನೂ ಎಣಿಸುತ್ತೀರಿ. ಪಶು ವೈದ್ಯಕೀಯ ವಿಶ್ವವಿದ್ಯಾಲಯ ಇಲ್ಲೇ ಕಲ್ಯಾಣ ಕರ್ನಾಟಕದ ಬೀದರಿನಲ್ಲಿದೆ, ಗೊತ್ತಿಲ್ಲದಿದ್ದರೆ ಅಲ್ಲಿಗೊಂದು ಫೋನ್ ಮಾಡಿ ಕೇಳಿ. ಇನ್ನು ಮಾರುವವರು: 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಸಾಕುಪ್ರಾಣಿ ಅಂಗಡಿಗೆ ನೋಂದಣಿ ಬೇಕು, ಮೊಲವೂ ಅದರಲ್ಲಿ ಸೇರಿದೆ. ಬುಟ್ಟಿಯಲ್ಲಿ ಮರಿ ತುಂಬಿಕೊಂಡು ಬಂದು 'ಏನು ಹಾಕಿದರೂ ತಿಂತದ' ಎಂದು ಮಾರಿ ಹೋಗುವವರನ್ನು ಮುಂದಿನ ಸಂತೆಯಲ್ಲಿ ನಿಲ್ಲಿಸಿ ಕೇಳಿ: ನೋಂದಣಿ ಎಲ್ಲಿದೆ, ಈ ಮರಿ ತಾಯಿ ಹಾಲು ಬಿಟ್ಟು ಎಷ್ಟು ದಿನವಾಯಿತು, ಇವತ್ತು ಹಿಕ್ಕೆ ಹಾಕಿದೆಯಾ?